ಸರ್‌ಗೆ ಕೊಟ್ಟ ರೂಟ್

ನಿಲಂಗಾದಿಂದ ಫೋನು ಬಂದಾಗ ನಾನು ಉಮರ್ಗಾದ ನನ್ನ ಆಫೀಸಿನಲ್ಲಿ ಊಟಕ್ಕೆ ಕೂತಿದ್ದೆ. ಕಾಲೇಜು ನಡೆಸುವ ಸಂಸ್ಥೆಯ ಸೆಕ್ರೆಟರಿ ಸಾಹೇಬರ ದನಿ ಭಾರವಾಗಿತ್ತು. "ಮ್ಯಾಡಂ, ಸರ್ ಗೇಲೆ," ಅಂದರು ಮರಾಠಿಯಲ್ಲಿ, ಸರ್ ಹೋಗಿಬಿಟ್ಟರು ಎಂದು. ಹೃದಯಾಘಾತವಂತೆ. ಸ್ನಾನಕ್ಕೆ ಹೋದವರು ಹೊರಗೆ ಬರಲೇ ಇಲ್ಲವಂತೆ. ಅಯ್ಯೋ ಅನ್ನಬೇಕಾದ ಕಡೆ ಅಯ್ಯೋ ಅಂದೆ. ಫೋನು ಇಟ್ಟ ಮೇಲೆ ಡಬ್ಬಿಯ ಕೆಳಗಿನ ಖಾನೆ ತೆಗೆದು ಇನ್ನೊಂದು ರೊಟ್ಟಿ ಹಾಕಿಕೊಂಡೆ. ಪುಂಡಿಪಲ್ಯ ಅವತ್ತು ಬಹಳ ರುಚಿಯಾಗಿತ್ತು.

ಎದುರಿಗಿದ್ದಾಗ ನಾನು ಅವರಿಗೆ ಸರ್ ಅನ್ನುತ್ತಿದ್ದೆ, ನೀವು ಅನ್ನುತ್ತಿದ್ದೆ. ಇಲ್ಲಿ ಆತ ಎಂದು ಬರೆಯುತ್ತೇನೆ. ಹೆಸರು ಬರೆಯುವುದಿಲ್ಲ. ಎಲ್ಲ ಕಡೆ ತನ್ನ ಹೆಸರು ಇರಬೇಕೆನ್ನುವುದು ಆತನ ಜೀವಮಾನದ ಆಸೆಯಾಗಿತ್ತು. ಆ ಆಸೆಗೆ ನನ್ನ ಕೈಯಿಂದ ಒಂದು ಅಕ್ಷರವೂ ಸೇರುವುದು ಬೇಡ.

ಆತ ಸಿಟ್ಟಿಗೆದ್ದದ್ದನ್ನು ನಿಲಂಗಾದಲ್ಲಿ ಯಾರೂ ನೋಡಿಲ್ಲ. ಕಸ ಗುಡಿಸುವ ಹೆಂಗಸು ಒಳಗೆ ಬಂದರೂ ಕುರ್ಚಿಯಿಂದ ಅರ್ಧ ಎದ್ದು "ಯಾ ಮಾವಶಿ, ಯಾ" ಎಂದು ಬರಮಾಡಿಕೊಳ್ಳುತ್ತಿದ್ದ. ಮರಾಠಿ ಹುಡುಗರ ಜೊತೆ ಅಚ್ಚ ಮರಾಠಿ, ಮುಸಲ್ಮಾನರ ಹುಡುಗರ ಜೊತೆ ಅವರ ಮನೆಯಲ್ಲಾಡುವ ದಖ್ಖನಿ, ನಮ್ಮಂಥವರ ಜೊತೆ ನಮ್ಮ ಕನ್ನಡ. ದೇವಣಿ ಕಡೆಯ ಹುಡುಗ ಸಿಕ್ಕರೆ ಮೊದಲು ಅವನ ಮನೆಯ ಆಕಳನ್ನು ಕೇಳುತ್ತಿದ್ದ. "ನಿಮ್ಮ ಗೌರಿ ಈ ಸಲ ಹೋರಿಗರ ಹಾಕ್ತೋ, ಹೆಣ್ಗರ ಹಾಕ್ತೋ?" ಆಕಳ ಹೆಸರು ಸುದ್ದಾ ನೆನಪಿಟ್ಟ ಮಾಸ್ತರನಿಗಾಗಿ ಆ ಹುಡುಗ ಬಾವಿಗೆ ಬೀಳಲೂ ತಯಾರಾಗುತ್ತಿದ್ದ. ಬಿಳಿ ಅಂಗಿಯ ತೋಳು ಮಣಿಕಟ್ಟಿನ ತನಕ, ಕಾಲರಿನ ಒಳಗೆ ಬಿಳಿ ಕರವಸ್ತ್ರ. ಬೆವರಿದರೂ ಆತನ ಅಂಗಿ ಬೆವರುತ್ತಿರಲಿಲ್ಲ. ಸುಳ್ಳು ಹೇಳುವ ಮುಂಚೆ ಮಾತ್ರ ಕನ್ನಡಕ ತೆಗೆದು ಆ ಕರವಸ್ತ್ರದಿಂದ ಒರೆಸುತ್ತಿದ್ದ. ಇದು ನನಗೆ ಬಹಳ ತಡವಾಗಿ ತಿಳಿಯಿತು.

ಚೆನ್ನಾಗಿ ಕಲಿಸುತ್ತಿದ್ದ. ಅದನ್ನು ನಾನು ಅಲ್ಲಗಳೆಯಲಾರೆ, ಅಲ್ಲಗಳೆಯುವ ಹಾಗಿದ್ದರೆ ಸಿಟ್ಟು ಇಷ್ಟು ದಿನ ಬಾಳುತ್ತಿರಲಿಲ್ಲ. ಸರ್ವರ್ ಎಂದರೇನು ಎಂದು ನಾನು ಕಲಿತದ್ದು ಆತನಿಂದಲೇ. ಸರ್ವರ್ ಎಂದರೆ ಎಲ್ಲೋ ದೂರದಲ್ಲಿ ಸದಾ ಚಾಲೂ ಇರುವ ಕಂಪ್ಯೂಟರು. ನಾವು ನೋಡುವ ವೆಬ್‌ಸೈಟುಗಳೆಲ್ಲ ಅದರ ಹೊಟ್ಟೆಯಲ್ಲಿ ಫೋಲ್ಡರುಗಳಾಗಿ ಕೂತಿರುತ್ತವೆ. ಆ ಎಲ್ಲ ಫೋಲ್ಡರುಗಳ ಮೇಲೆ ಒಂದು ತಾಯಿ ಫೋಲ್ಡರು ಇರುತ್ತದೆ, ಅದಕ್ಕೆ ರೂಟ್ ಅನ್ನುತ್ತಾರೆ. ಎಫ್‌ಟಿಪಿ ಎಂದರೆ ಇಲ್ಲಿಂದ ಅಲ್ಲಿಗೆ ಫೈಲು ಹಾಕುವ, ತೆಗೆಯುವ ದಾರಿ. ಬೋರ್ಡಿನ ಮೇಲೆ ಸೀಮೆಸುಣ್ಣದಿಂದ ಒಂದು ವಾಡೆಯ ಮನೆ ಬರೆದು, ಅದರ ಒಳಗೆ ಖೋಲಿಗಳನ್ನು ಬರೆದು ಆತ ಹೇಳುತ್ತಿದ್ದ: "ಓದೋದು ಬ್ಯಾರೆ, ಬರಿಯೋದು ಬ್ಯಾರೆ, ನಡಸೋದು ಬ್ಯಾರೆ. ಯಾರಿಗಿ ಎಷ್ಟ ಬೇಕೋ ಅಷ್ಟೇ ಕೀಲಿ ಕೊಡ್ರಿ. ಕೇಳಾಂವ ನಿಮ್ಮ ಗುರು ಇದ್ರೂ ಅಷ್ಟೇ."

ನಾನು ದೇವಣಿ ಹತ್ತಿರದ ಹಳ್ಳಿಯವಳು. ಕುರಿ ಸಾಕುವ ಮನೆ, ಬೀರಪ್ಪನ ಒಕ್ಕಲು. ಆತನ ಕೈಯಲ್ಲಿ ಓದಿ ಮುಗಿಸಿದ ಮೇಲೆ ಅದೇ ಕಾಲೇಜಿನ ಲ್ಯಾಬಿಗೆ ಕೆಲಸಕ್ಕೆ ಸೇರಿದೆ. ಆಗಲೇ ನನಗೆ ದೇವಣಿ ದನಗಳ ವೆಬ್‌ಸೈಟು ಮಾಡುವ ಹುಚ್ಚು ಹತ್ತಿದ್ದು. ನಮ್ಮ ಕಡೆಯ ದನ ಬಹಳ ಚೆಂದ. ಮೈಯೆಲ್ಲ ಬಿಳಿ, ಮುಖ ಮಾತ್ರ ಕಪ್ಪಿದ್ದರೆ ಅದು ವಾನೇರಾ. ಮೈಮೇಲೆ ಕಪ್ಪು ಮಚ್ಚೆ ಚೆಲ್ಲಿದ್ದರೆ ಶೇವರಾ. ಹೋರಿ ಬೇಕಾದವರು ಉದಗೀರದ ಬಜಾರಿನಲ್ಲಿ ದಲಾಲರ ಕೈ ಹಿಡಿಯಬೇಕಿತ್ತು. ದನ ಇದ್ದವರ ಮನೆಗೇ ಹೋಗಿ ಫೋಟೊ ತೆಗೆದು, ಕನ್ನಡದಲ್ಲೂ ಮರಾಠಿಯಲ್ಲೂ ವಿವರ ಬರೆದು ವೆಬ್‌ಸೈಟಿಗೆ ಹಾಕಿದರೆ ಹೇಗೆ ಎಂದುಕೊಂಡೆ. ಬಸ್ಸು ಹತ್ತಿ ಇಳಿದು, ಔರಾದ ಶಹಾಜನಿಯ ಸಂತೆ ತಿರುಗಿ, ದನದ ಗೋಟಾಗಳಲ್ಲಿ ಸಗಣಿ ತುಳಿದು, ಕಾಲೇಜಿನ ವೆಬ್‌ಸೈಟಿನೊಳಗೇ ಅದನ್ನು ಕಟ್ಟಿದೆ. ಬೀದರ ಕಡೆಯವರೂ ನೋಡತೊಡಗಿದರು. ಆತ ಲ್ಯಾಬಿಗೆ ಬಂದು ನನ್ನ ಹಿಂದೆ ನಿಂತು ನೋಡುತ್ತಿದ್ದ. "ಶಾಭಾಸ್" ಅನ್ನುತ್ತಿದ್ದ. ಪುಟದ ಕೆಳಗೆ ಮಾರ್ಗದರ್ಶಕರು ಎಂದು ಆತನ ಹೆಸರನ್ನು ನಾನೇ ಹಾಕಿದ್ದೆ.

ಒಂದು ದಿನ ಪಶುಸಂಗೋಪನೆ ಇಲಾಖೆಯ ದೊಡ್ಡ ಅಧಿಕಾರಿಯೊಬ್ಬರು ಕಾಲೇಜಿಗೆ ಬಂದರು. ವೆಬ್‌ಸೈಟು ನೋಡಿ ಮೆಚ್ಚಿ, "ಯಾರು ಮಾಡಿದ್ದು?" ಎಂದು ಕೇಳಿದರು. ಆತ ಕನ್ನಡಕ ತೆಗೆದು ಒರೆಸುತ್ತ, "ನಾನೇ ಮಾಡಿದೆ, ಈ ಹುಡುಗಿ ಟೈಪಿಂಗ್ ಮಾಡಿಕೊಟ್ಟಳು" ಎಂದು ಮರಾಠಿಯಲ್ಲಿ ಹೇಳಿದ. ನನ್ನ ಬಾಯಿ ನನ್ನ ಕೈಯಲ್ಲಿರಲಿಲ್ಲ. "ಇಲ್ಲ್ರಿ, ನಾ ಮಾಡೀನಿ" ಎಂದುಬಿಟ್ಟೆ. ಅಧಿಕಾರಿ ನಕ್ಕರು. ಆತ ಅವರಿಗಿಂತ ಹೆಚ್ಚು ನಕ್ಕ. ನನ್ನ ತಲೆಯ ಮೇಲೆ ಕೈ ಇಟ್ಟು, "ಭಾಳ ಚುರುಕ್ ಇದ್ದಾಳ" ಅಂದ.

ಮರುದಿನ ನನ್ನ ಪಾಸ್‌ವರ್ಡು ನಡೆಯಲಿಲ್ಲ. ಅದಾದ ಸ್ವಲ್ಪ ದಿನಕ್ಕೆ ಕಾಲೇಜಿನ ವೆಬ್‌ಸೈಟಿನಿಂದ ಪರೀಕ್ಷೆಯ ಫಲಿತಾಂಶದ ಪುಟ ಮಾಯವಾಯಿತು. ಪಾಲಕರು ಗದ್ದಲ ಎಬ್ಬಿಸಿದರು. ಆತ ಸ್ಟಾಫ್ ರೂಮಿನಲ್ಲಿ ಎಲ್ಲರ ಎದುರು ಕನ್ನಡಕ ಒರೆಸುತ್ತ, ಬಹಳ ದುಃಖದಿಂದ, ಸಿಟ್ಟಿನಿಂದ ನಾನೇ ಅದನ್ನು ಅಳಿಸಿದ್ದೇನೆ ಎಂದು ಹೇಳಿದ. ನನ್ನ ಮಾತಿಗೆ ಕಿವಿ ಕೊಡಲು ಅಲ್ಲಿ ಒಂದು ಕುರ್ಚಿಯೂ ತಿರುಗಲಿಲ್ಲ.

ನಮ್ಮಪ್ಪನಿಗೆ ಹೇಳಿ ಕಳಿಸಿದ. ಅಪ್ಪ ಹೆಗಲ ಮೇಲೆ ಕಂಬಳಿ ಹಾಕಿಕೊಂಡು, ಎಸ್‌ಟಿ ಬಸ್ಸು ಹಿಡಿದು ಬಂದ. ಆತ ಬಾಗಿಲ ತನಕ ಎದುರು ಹೋಗಿ ಕರೆತಂದ. ತನ್ನ ಪಕ್ಕದ ಕುರ್ಚಿಯಲ್ಲೇ ಕೂಡಿಸಿದ. ಚಹಾಕ್ಕೆ ಸಕ್ಕರೆ ಜಾಸ್ತಿ ಹಾಕಲು ಹೇಳಿದ.

"ಕಾಕಾ, ಮಗಳು ಶಾಣ್ಯಾ ಇದ್ದಾಳ," ಅಂದ. "ಸಿಟ್ಟಿನಾಗ ಒಂದ್ ತಪ್ಪ ಮಾಡ್ಯಾಳ. ಸಂಸ್ಥಾದವ್ರು ಪೊಲೀಸ್ರಿಗಿ ಹೇಳ್ತೀವಿ ಅಂತಾರ. ನಾ ಬ್ಯಾಡ ಅಂದೀನಿ. ಮನಿಗಿ ಕರ್ಕೊಂಡ ಹೋಗ್ರಿ, ಸಾಕು."

"ಅಪ್ಪಾ, ನಾ ಮಾಡಿಲ್ಲ," ಅಂದೆ.

ಅಪ್ಪ ನನ್ನ ಕಡೆ ನೋಡಲಿಲ್ಲ. ಕುರ್ಚಿಯಿಂದ ಎದ್ದು, ಕಂಬಳಿ ಸರಿಮಾಡಿಕೊಂಡು, ಬಗ್ಗಿ ಆತನ ಕಾಲು ಮುಟ್ಟಿದ. ಆತ "ಅಯ್ಯ, ಬ್ಯಾಡ್ರಿ ಕಾಕಾ" ಎಂದು ಅಪ್ಪನನ್ನು ಭುಜ ಹಿಡಿದು ಎಬ್ಬಿಸಿದ. ಮುಟ್ಟಿಸಿಕೊಂಡ ಮೇಲೆ ಎಬ್ಬಿಸಿದ. ನಾನು ನೋಡುತ್ತ ನಿಂತಿದ್ದೆ.

ಬಸ್ಸಿನಲ್ಲಿ ಅಪ್ಪ ಹೇಳಿದ್ದು ಒಂದೇ ಮಾತು. "ದೇವ್ರಂಥ ಮನಿಷ್ಯಾ. ಪಾರಾದಿ." ನಾನು ಮಾಡಿಲ್ಲ ಎಂದು ಆಮೇಲೆ ಎಷ್ಟು ಹೇಳಿದರೂ ಅಪ್ಪ ಹೂಂ ಅನ್ನುತ್ತಿದ್ದ, ಕುರಿ ಬಿಡಲು ಹೋಗುತ್ತಿದ್ದ. ಉದಗೀರ, ನಿಲಂಗಾ, ಯಾವ ಊರಿನ ಕಾಲೇಜೂ ನನಗೆ ಕೆಲಸ ಕೊಡಲಿಲ್ಲ. ಔರಾದದ ಕಡೆಯ ಒಂದು ಸಂಬಂಧ ಗೊತ್ತಾಗಿತ್ತು, ಅದೂ ಮುರಿಯಿತು. ಅದಕ್ಕೆ ನಾನು ಅಳಲಿಲ್ಲ. ಅಪ್ಪನ ಬಗ್ಗಿದ ಬೆನ್ನು ಕಣ್ಣ ಮುಂದೆ ಬಂದಾಗ ಮಾತ್ರ ಹಲ್ಲು ಕಚ್ಚುತ್ತಿದ್ದೆ. ಆ ಬೆನ್ನನ್ನು ಮರೆಯದಂತೆ ನಾನು ಜತನದಿಂದ ಇಟ್ಟುಕೊಂಡೆ.

ಉಮರ್ಗಾಕ್ಕೆ ಬಂದೆ. ಹೆದ್ದಾರಿ ಪಕ್ಕದ ಝೆರಾಕ್ಸ್ ಅಂಗಡಿಯಲ್ಲಿ ಆನ್‌ಲೈನ್ ಅರ್ಜಿ ತುಂಬುತ್ತ ಕೂತೆ. ಆಮೇಲೆ ಒಂದು ಶಾಲೆಯ ವೆಬ್‌ಸೈಟು ಮಾಡಿದೆ, ಒಬ್ಬ ಡಾಕ್ಟರರದು, ಒಂದು ಮಠದ್ದು. ಆಮೇಲೆ ನನ್ನದೇ ಸರ್ವರು ಬಾಡಿಗೆಗೆ ಹಿಡಿದು, ಬಸ್ ಸ್ಟ್ಯಾಂಡಿನ ಎದುರು ಮೇಲ್ಮಹಡಿಯಲ್ಲಿ ಆಫೀಸು ಮಾಡಿದೆ. ವರ್ಷಗಳು ಹೋದವು. ಹೀಗಿರುವಾಗ ನಿಲಂಗಾದ ಕಾಲೇಜಿನ ವೆಬ್‌ಸೈಟಿಗೆ ಯಾರೋ ಕನ್ನ ಹಾಕಿದರು. ತೆರೆದರೆ ಜೂಜಿನ ಜಾಹೀರಾತು ಕುಣಿಯುತ್ತಿತ್ತು. ಸೆಕ್ರೆಟರಿ ಸಾಹೇಬರು ಹೊಸಬರು, ಹಳೆಯ ಕತೆ ಗೊತ್ತಿಲ್ಲದವರು. ಯಾರೋ ಹೇಳಿದರೆಂದು ನನ್ನ ಹತ್ತಿರ ಬಂದರು. ಇಡೀ ವೆಬ್‌ಸೈಟನ್ನು, ಅದರೊಳಗಿದ್ದ ನನ್ನ ದೇವಣಿ ದನಗಳ ಸಮೇತ, ನನ್ನ ಸರ್ವರಿಗೆ ತಂದುಕೊಂಡೆ. ದನಗಳ ಪುಟದ ಕೆಳಗೆ ಆತನ ಹೆಸರೊಂದೇ ಉಳಿದಿತ್ತು. ನನ್ನದನ್ನು ತೆಗೆದಿದ್ದ.

ಆತ ಬರುತ್ತಾನೆಂದು ನನಗೆ ಗೊತ್ತಿತ್ತು. ಬಂದ. ಕೂದಲು ಬೆಳ್ಳಗಾಗಿತ್ತು, ಅಂಗಿ ಹಾಗೇ ಇತ್ತು. ಮೆಟ್ಟಿಲು ಹತ್ತಿದ ಏದುಸಿರಿನಲ್ಲೇ ಕೈ ಮುಗಿದ.

"ನಮಸ್ಕಾರ ಮ್ಯಾಡಂ. ನಿಮ್ಮ ಪ್ರಗತಿ ನೋಡಿ ಭಾಳ ಆನಂದ ಆತು."

"ಕೂಡ್ರಿ ಸರ್."

"ಫೋಟೊ, ಸುದ್ದಿ ಎಲ್ಲಾ ನಾನೇ ಹಾಕ್ತೀನಿ. ಎಫ್‌ಟಿಪಿ ಬೇಕಾಗಿತ್ತು. ರೂಟ್‌ದೇ ಕೊಟ್ಟಬಿಡ್ರಿ, ಘಡಿಘಡಿಗೆ ನಿಮಗ ತ್ರಾಸ ಬ್ಯಾಡ."

"ಕೊಡ್ತೀನಿ," ಅಂದೆ. "ಅದಕ್ಕ ಮೊದಲ ನೀವು ಒಂದ್ ಕೆಲಸಾ ಮಾಡ್ಬೇಕು. ನಮ್ಮಪ್ಪನ ಹಂತ್ಯಾಕ ಹೋಗಿ, ಆವಾಗ ಆ ರಿಜಲ್ಟಿನ ಪಾನ ಯಾರು ಅಳಸಿದ್ರು ಅಂತ ಖರೇ ಹೇಳಿ ಬರ್ರಿ."

ಆತನ ಕೈ ಕನ್ನಡಕಕ್ಕೆ ಹೋಯಿತು. ಹೋಗಿ, ಹಾಗೇ ಕೆಳಗಿಳಿಯಿತು. ಕೆಳಗೆ ಬಸ್ಸಿನ ಹಾರ್ನು ಒಂದೇ ಸಮನೆ ಕೂಗುತ್ತಿತ್ತು.

"ಐತವಾರ ಬರ್ತೀನಿ," ಅಂದ.

ಖರೇ ಬಂದ. ಸಂಸ್ಥೆಯ ಕಾರಿನಲ್ಲಿ, ಒಬ್ಬನೇ. ನಾನು ಮುಂಚೆಯೇ ಹೋಗಿ ನಮ್ಮ ಅಂಗಳದಲ್ಲಿ ನಿಂತಿದ್ದೆ. ಅಪ್ಪ ಹೊರಸಿನ ಮೇಲೆ ಕೂತು ಉಣ್ಣೆ ಬಿಡಿಸುತ್ತಿದ್ದ. ಆತ ಚಪ್ಪಲಿ ಬಿಟ್ಟು, ಅಂಗಳದ ಮಣ್ಣಿನಲ್ಲೇ ಅಪ್ಪನ ಎದುರು ಕೂತ. ಬಿಳಿ ಪ್ಯಾಂಟು ಮಣ್ಣಾಯಿತು.

"ಕಾಕಾ, ಆವಾಗ ನಾ ಸುಳ್ಳ ಹೇಳಿದ್ದೆ. ಆ ಪಾನ ನಾನೇ ತಗದಿದ್ದೆ. ನಿಮ್ಮ ಮಗಳದು ಏನೂ ತಪ್ಪಿದ್ದಿಲ್ಲ."

ಹೇಳಿ ಅತ್ತ. ಕರವಸ್ತ್ರ ತೆಗೆದು ಮುಖಕ್ಕೆ ಒತ್ತಿಕೊಂಡು, ಭುಜ ಅಲುಗುವಂತೆ ಅತ್ತ. ಆ ಅಳು ಖರೇಯೋ ಖೋಟಾವೋ ನನಗೆ ಈಗಲೂ ತಿಳಿಯದು. ತಿಳಿದುಕೊಳ್ಳುವ ಮನಸ್ಸೂ ಇಲ್ಲ. ಅಪ್ಪ ಉಣ್ಣೆ ಪಕ್ಕಕ್ಕಿಟ್ಟ. "ಬಿಡ್ರಿ ಸರ್. ಆಗಿದ್ದು ಆಗಿ ಹೋತು," ಅಂದ. ಒಳಗೆ ಕೂಗಿ ಮಜ್ಜಿಗೆ ತರಿಸಿದ. ಆತನ ತೋಳು ಹಿಡಿದು ಎಬ್ಬಿಸಿ, ಹಟ್ಟಿಗೆ ಕರೆದೊಯ್ದು ಕುರಿಗಳನ್ನು ತೋರಿಸಿದ. ಹೊರಡುವಾಗ ಕಾರಿನ ಬಾಗಿಲು ಕೂಡ ಅಪ್ಪನೇ ಹಾಕಿದ.

ನಾನು ಅಂಗಳದಲ್ಲಿ ನಿಂತು ಕುದಿಯುತ್ತಿದ್ದೆ. ಆತ ಬಾಗುವುದನ್ನು ನೋಡಬೇಕೆಂದು ಇಷ್ಟು ವರ್ಷ ಕಾದಿದ್ದೆ. ಎಷ್ಟು ಚೆಂದಾಗಿ ಬಾಗಿದ! ಬಾಗಿದ್ದಕ್ಕೆ ಮಜ್ಜಿಗೆಯೂ ಕುಡಿದು ಹೋದ. ಊರವರು ಆಮೇಲೆ ಒಂದು ತಿಂಗಳು ಅದೇ ಮಾತಾಡಿದರು. ಎಂಥಾ ದೊಡ್ಡ ಮನುಷ್ಯ, ಇಲ್ಲೀ ತನಕ ಬಂದು ತಪ್ಪು ಒಪ್ಪಿಕೊಂಡ ಎಂದು. ನನಗಾದದ್ದೇನು ಎಂದು ಯಾರೂ ಮಾತಾಡಲಿಲ್ಲ. ಅಪ್ಪನೂ ಆಡಲಿಲ್ಲ. ಅವತ್ತು ನಾನು ಅಪ್ಪನ ಮೇಲೂ ಮುನಿಸಿಕೊಂಡು ಉಣ್ಣದೆ ಉಮರ್ಗಾಕ್ಕೆ ತಿರುಗಿ ಬಂದೆ.

ಮರುದಿನ ಆತನಿಗೆ ಎಫ್‌ಟಿಪಿ ಮಾಡಿಕೊಟ್ಟೆ. ರೂಟ್ ಕೊಡುತ್ತೇನೆ ಎಂದಿದ್ದೆ, ಕೊಟ್ಟೆ. ಸರ್ವರಿನಲ್ಲಿ ಆತನ ಹೆಸರಿಗೆ ಒಂದು ಬಳಕೆದಾರನ ಖಾತೆ ತೆರೆದೆ. ಫೈಲು ಹಾಕುವುದು, ತೆಗೆಯುವುದು ಬಿಟ್ಟು ಬೇರೆ ಯಾವ ಆಜ್ಞೆಯೂ ಆ ಖಾತೆಯಿಂದ ನಡೆಯದಂತೆ ಮಾಡಿದೆ. ಆಮೇಲೆ ಆ ಖಾತೆಯನ್ನು ಕಾಲೇಜಿನ ಫೋಲ್ಡರಿನೊಳಗೆ ಕಟ್ಟಿಹಾಕಿದೆ. ಹಾಗೆ ಕಟ್ಟಿದರೆ ಒಳಗೆ ಬಂದವನಿಗೆ ಆ ಫೋಲ್ಡರೇ ರೂಟ್ ಎಂದು ಕಾಣುತ್ತದೆ. ಅದರ ಮೇಲೆ ಇನ್ನೇನೂ ಇಲ್ಲ ಎಂದೇ ತೋರುತ್ತದೆ, ಮೇಲೆ ಹತ್ತಲು ಹೋದರೆ ಅಲ್ಲೇ ಬಂದು ನಿಲ್ಲುತ್ತಾನೆ. ಆತನಿಗೆ ರೂಟ್ ಎಂದು ಕಾಣುವ ಆ ಫೋಲ್ಡರಿನ ಮಾಲಕಿ ನಾನು. ಮುಖಪುಟ, ದನಗಳ ಪುಟ, ಎಲ್ಲವನ್ನೂ ಆತ ಓದಬಹುದು, ಮುಟ್ಟುವಂತಿಲ್ಲ. ಬರೆಯಲು ಫೋಟೊದ ಫೋಲ್ಡರು ಒಂದನ್ನೇ ಬಿಟ್ಟೆ. ಇದು ಯಾವ ಸರ್ವರಿನಲ್ಲೂ ಮಾಡುವ ರೀತಿಯೇ. ಆದರೆ ಅವತ್ತು ಒಂದೊಂದು ಸಾಲು ಟೈಪ್ ಮಾಡುವಾಗಲೂ ನನಗಾದ ಸುಖ ಬೇರೆ ಯಾರ ಖಾತೆ ತೆರೆಯುವಾಗಲೂ ಆಗಿಲ್ಲ.

ಆತನ ಫೋನುಗಳು ಬರತೊಡಗಿದವು. "ಮ್ಯಾಡಂ, ಮುಖಪುಟದಾಗ ಒಂದ್ ಅಕ್ಷರ ತಪ್ಪ್ಯಾದ. ತಿದ್ದಲಕ ಹೋದ್ರ ಪರವಾನಗಿ ಇಲ್ಲ ಅಂತದ."

"ಹೌದ್ರಿ? ನನಗ ಹೇಳ್ರಿ ಸರ್, ನಾ ತಿದ್ದತೀನಿ."

"ನೀವು ರೂಟ್ ಕೊಟ್ಟೀರಲ್ಲ?"

"ಕೊಟ್ಟೀನಲ್ರಿ. ಮ್ಯಾಗ ನೋಡ್ರಿ, ರೂಟ್ ಅಂತೇ ತೋರಸ್ತದ."

ಆತನಿಗೆ ತಿಳಿಯದೆ ಇರುತ್ತದೆಯೇ? ತಿಳಿದಿತ್ತು. ಒಂದು ಅಲ್ಪವಿರಾಮಕ್ಕೂ ಕೇಳಬೇಕಾಯಿತು. ಕೇಳಿದಾಗಲೆಲ್ಲ ನಾನು "ನಾಳಿ ನೋಡ್ತೀನಿ ಸರ್" ಎನ್ನುತ್ತಿದ್ದೆ, ಆತ ಒಮ್ಮೆಯೂ ದನಿ ಎತ್ತಲಿಲ್ಲ. "ನಿಮಗ ಸವಡ ಸಿಕ್ಕಾಗ ಮಾಡ್ರಿ" ಎಂದು ಇಡುತ್ತಿದ್ದ.

ಆತ ನಿವೃತ್ತನಾಗುವ ಹೊತ್ತು ಬಂತು. ದೊಡ್ಡ ಸತ್ಕಾರ ಇಟ್ಟರು. ಕಾಲೇಜಿನ ಸಭಾಗೃಹದಲ್ಲಿ ಪರದೆ ಕಟ್ಟಿ, ತನ್ನ ಬದುಕಿನ ಪರಿಚಯದ ಪುಟವನ್ನು ಎಲ್ಲರ ಎದುರು ತನ್ನ ಕೈಯಾರೆ ಮುಖಪುಟಕ್ಕೆ ಹಾಕುತ್ತೇನೆ ಎಂದು ಆತ ಆಸೆಪಟ್ಟ. ಪುಟವನ್ನು ನನಗೆ ಕಳಿಸಿ, "ಅವತ್ತೊಂದ್ ದಿನ ಬಾಗಲಾ ತಗೀರಿ ಮ್ಯಾಡಂ" ಅಂದ. ತೆಗೆಯುತ್ತಿದ್ದೆನೇನೋ. ಪುಟ ಓದಿದೆ. ನಡುವಿನಲ್ಲಿ ಒಂದು ಸಾಲು: ದೇವಣಿ ಗೋತಳಿಯ ಮೊದಲ ವೆಬ್‌ಸೈಟಿನ ನಿರ್ಮಾತೃ. ನಮ್ಮ ಅಂಗಳದ ಮಣ್ಣು ಆ ಪ್ಯಾಂಟಿನಿಂದ ಒಂದೇ ಒಗೆತಕ್ಕೆ ಹೋಗಿತ್ತು.

"ನೋಡ್ತೀನಿ ಸರ್" ಎಂದು ಹೇಳಿದೆ. ಬಾಗಿಲು ತೆಗೆಯಲಿಲ್ಲ. ಸತ್ಕಾರಕ್ಕೆ ಹೋಗಿ ಮುಂದಿನ ಸಾಲಿನಲ್ಲೇ ಕೂತೆ.

ಶಾಲು, ಫೇಟಾ, ಹಾರಗಳಾದ ಮೇಲೆ ಆತ ಕಂಪ್ಯೂಟರಿನ ಮುಂದೆ ಕೂತ. ಫೈಲನ್ನು ಎಳೆದು ಬಿಟ್ಟ. ಪರದೆಯ ಮೇಲೆ ಕೆಂಪು ಅಕ್ಷರ ಬಂತು, ಪರವಾನಗಿ ಇಲ್ಲ. ಮತ್ತೆ ಎಳೆದ. ಮತ್ತೆ ಕೆಂಪು. ಸಭೆಯಲ್ಲಿ ಪಿಸುಮಾತು ಎದ್ದಿತು. ಹಿಂದಿನ ಹುಡುಗರು ಕಿಸಕ್ಕೆಂದರು. ಆತನ ಫೇಟಾದ ಕೆಳಗಿನಿಂದ ಬೆವರು ಇಳಿದು ಕಾಲರಿಗೆ ಬಂತು. ಆ ಅಂಗಿ ಬೆವರಿದ್ದನ್ನು ನಾನು ಕಣ್ಣು ತುಂಬ ನೋಡಿದೆ.

ಆತ ನನ್ನ ಕಡೆ ತಿರುಗಿದ. "ಮ್ಯಾಡಂ?"

ನಾನು ಎದ್ದು ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದೆ. "ಯಾರಿಗಿ ಎಷ್ಟ ಬೇಕೋ ಅಷ್ಟೇ ಕೀಲಿ ಕೊಡ್ರಿ, ಗುರು ಇದ್ರೂ ಅಷ್ಟೇ ಅಂತ ನೀವೇ ಕಲ್ಸೀರಿ ಸರ್. ಮಾಡದ ಕೆಲಸಾ ಮಾಡೀನಿ ಅಂತ ಬರಿಯೋದಕ್ಕ ಕೀಲಿ ಇಲ್ಲ್ರಿ."

ಎಲ್ಲರ ಮುಖ ನನ್ನ ಕಡೆ ತಿರುಗಿತು. ಇಷ್ಟಕ್ಕಾಗಿಯೇ ನಾನು ಬದುಕಿದ್ದೆ ಅನ್ನಿಸಿತು. ಆತ ಎದ್ದ. ಮೈಕು ಕೈಗೆ ತೆಗೆದುಕೊಂಡ. ಕನ್ನಡಕ ಮುಟ್ಟಲಿಲ್ಲ. "ನೋಡಿದ್ರಾ?" ಅಂದ, ಮೊದಲು ಕನ್ನಡದಲ್ಲಿ, ಆಮೇಲೆ ಮರಾಠಿಯಲ್ಲಿ. "ಇವ್ಳು ನನ್ನ ವಿದ್ಯಾರ್ಥಿನಿ. ಗುರೂಗೂ ರಿಯಾಯತಿ ಕೊಡಲ್ಲ. ನಾ ಕಲಸಿದ್ದು ಸಾರ್ಥಕ ಆತು." ಎರಡನೇ ಭಾಷೆ ಮುಗಿಯುವ ಮೊದಲೇ ಚಪ್ಪಾಳೆ ಬಿತ್ತು. ಸೆಕ್ರೆಟರಿ ಸಾಹೇಬರು ಕಣ್ಣೊರೆಸಿಕೊಂಡರು. ನಾನು ಹೇಳಿದ ಎರಡನೇ ಮಾತು ಆ ಚಪ್ಪಾಳೆಯಲ್ಲಿ ಎಲ್ಲಿ ಹೋಯಿತೋ. ಮರುದಿನದ ಪೇಪರಿನಲ್ಲಿ ಗುರುಶಿಷ್ಯರ ಅಪರೂಪದ ಪ್ರಸಂಗ ಎಂದು ಬಂತು. ನನ್ನ ಸೇಡನ್ನೂ ಆತ ತನ್ನ ಶಾಲಿನ ಹಾಗೆ ಹೊದ್ದುಕೊಂಡ.

ಚಪ್ಪಲಿ ಹಾಕಿಕೊಳ್ಳುವಾಗ ಹತ್ತಿರ ಬಂದ. ಸುತ್ತ ಯಾರೂ ಇರಲಿಲ್ಲ.

"ಈಗ ಸಮಾಧಾನ ಆತಾ?"

"ಇಲ್ಲ್ರಿ."

"ಆಗಬಾರ್ದು," ಅಂದ. ಮಂದಿ ಮೆಚ್ಚಲಿ ಎಂದಲ್ಲದೆ ಆತ ಆಡಿದ ಬೇರೆ ಮಾತು ನನಗೆ ನೆನಪಿಲ್ಲ.

ಸಂಜೆ ನಾನೇ ಆ ಪುಟವನ್ನು ಮುಖಪುಟಕ್ಕೆ ಹಾಕಿದೆ, ಆ ಸಾಲು ಕಿತ್ತು ಹಾಕಿದೆ. ದನಗಳ ಪುಟದ ಕೆಳಗಿನಿಂದ ಆತನ ಹೆಸರು ತೆಗೆದು ನನ್ನ ಹೆಸರು ಬರೆದೆ. ಆತ ನೋಡಿರಬೇಕು. ಫೋನು ಮಾಡಲಿಲ್ಲ. ಆಮೇಲೆ ಫೋಟೊದ ಫೋಲ್ಡರಿಗೂ ಏನೂ ಹಾಕಲಿಲ್ಲ. ಅಲ್ಲಿಂದ ಬಂದ ಮುಂದಿನ ಸುದ್ದಿ ನಾನು ಊಟಕ್ಕೆ ಕೂತಾಗ ಬಂದದ್ದೇ.

ಮಣ್ಣಿಗೆ ಹೋಗುವ ಮನಸ್ಸು ನನಗಿರಲಿಲ್ಲ. ಆದರೆ ಅಪ್ಪನ ಫೋನು ಬಂತು. "ನಾ ಹೋಗಲತ್ತೀನಿ. ನೀ ನಿಲಂಗಾ ಸ್ಟ್ಯಾಂಡಿಗಿ ಬಾ." ಈ ವಯಸ್ಸಿನಲ್ಲಿ, ಈ ಬಿಸಿಲಿನಲ್ಲಿ, ಆ ಮನುಷ್ಯನಿಗಾಗಿ! ಸಿಟ್ಟಿನಿಂದಲೇ ಹೋದೆ. ಮನೆಯ ಮುಂದೆ ಊರಿಗೆ ಊರೇ ನೆರೆದಿತ್ತು. ಅಪ್ಪ ಮಂದಿಯ ನಡುವೆ ದಾರಿ ಮಾಡಿಕೊಂಡು ಹತ್ತಿರ ಹೋದ. ಬಗ್ಗಲಿಲ್ಲ, ಕೈ ಮುಗಿಯಲಿಲ್ಲ. ಆ ಮುಖವನ್ನು ಸ್ವಲ್ಪ ಹೊತ್ತು ನೋಡಿದ. ನೋಡಿ, "ನಡಿ" ಅಂದ.

ಸ್ಟ್ಯಾಂಡಿನಲ್ಲಿ ದೇವಣಿಯ ಬಸ್ಸಿಗೆ ಕಾಯುತ್ತ ಕಲ್ಲಿನ ಕಟ್ಟೆಯ ಮೇಲೆ ಕೂತೆವು. ನನಗೆ ತಡೆಯಲಾಗಲಿಲ್ಲ.

"ಅಂವನ ಮ್ಯಾಲ ಎಷ್ಟ್ ಮಾಯಾ ನಿನಗ! ಆವತ್ತ ಮಜ್ಜಿಗಿ ಕುಡಸಿ ಮಾಫ್ ಮಾಡ್ದಿ, ಇವತ್ತ ಮಣ್ಣಿಗಿ ಬಂದಿ."

"ಮಾಫ್ ಮಾಡೀನಂತ ಯಾರ್ ಹೇಳಿದ್ರು?"

"ಬಿಡ್ರಿ ಸರ್ ಅಂದಿಲ್ಲೇನು?"

"ಮನಿ ಬಾಗಲಿಗಿ ಬಂದ್ ಅಳಲತ್ತಾನ. ಮತ್ತೇನ್ ಅನ್ಲಿ? ಲಗೂ ಹೋಗ್ಲಿ ಅಂತ ಅಂದೆ." ಅಪ್ಪ ಕಂಬಳಿಯನ್ನು ಒಂದು ಹೆಗಲಿಂದ ಇನ್ನೊಂದಕ್ಕೆ ಬದಲಿಸಿದ. "ಅಂವನ ಮಾತು ಕೇಳಿ ಹೊಟ್ಟೀಲಿ ಹುಟ್ಟಿದಾಕಿನ್ನ ಕಳ್ಳಿ ಅಂದ್ಕೊಂಡ್ ಇಷ್ಟ್ ವರ್ಷ ಬಾಳೇ ಮಾಡೀನಿ. ಅದನ್ನ ಹ್ಯಾಂಗ್ ಮಾಫ್ ಮಾಡ್ಲಿ? ಅಂವಗೂ ಮಾಡಲ್ಲ, ನನಗೂ ಮಾಡಲ್ಲ."

ಬಸ್ಸುಗಳು ಬರುತ್ತಿದ್ದವು, ಹೋಗುತ್ತಿದ್ದವು. ಕಡೆಗೆ ಕೇಳಿದೆ: "ಮತ್ತ ಇವತ್ತ ಯಾಕ ಬಂದಿ ಅಪ್ಪಾ?"

ಅಪ್ಪ ನನ್ನ ಕಡೆ ತಿರುಗಿದ. ಇಷ್ಟು ವರ್ಷಗಳಲ್ಲಿ ಮೊದಲ ಸಲ ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಿದ.

"ಖರೇನೇ ಸತ್ತಾನೋ ಇಲ್ಲೋ ನೋಡ್ಲಕ ಬಂದೀನಿ," ಅಂದ. "ಅಂವನ ಮಾತಿನ ಮ್ಯಾಲ ನನಗ ಭರೋಸಾ ಇಲ್ಲ."

ನಾವಿಬ್ಬರೂ ನಕ್ಕೆವು. ಸಾವಿನ ಮನೆಯಿಂದ ಬಂದವರೆಂದು ಗೊತ್ತಿದ್ದ ಮಂದಿ ತಿರುತಿರುಗಿ ನೋಡಿದರು. ಅಪ್ಪ ನಗು ನಿಲ್ಲಿಸಲಿಲ್ಲ, ನಾನೂ ನಿಲ್ಲಿಸಲಿಲ್ಲ.